ಒಬ್ಬಟ್ಟು ಉಂಡು ನಮ್ಮ ಸಂಜೆಮನೆ ಮುಚ್ಚಿಸಿದವರಿಗೆ

ಮಕ್ಕಳ ಯೋಗಕ್ಷೇಮದ ಹೊಣೆ ಹೊತ್ತಿರುವ ಮೇಲಧಿಕಾರಿಗಳಿಗೆ,

ಮಾನ್ಯರೇ, ತಾವು ಕಳೆದ ತಿಂಗಳು ಹೊಣಕೆರೆ ಹೋಬಳಿಯ ನಮ್ಮ ಊರಿಗೆ ಚಿತ್ತೈಸಿ, ತುಪ್ಪ ಸುರಿದುಕೊಂಡು ಒಬ್ಬಟ್ಟು ಉಂಡು, ಹಿಂದಿರುಗಿದ ಮೇಲೆ "ಸದರಿ ಗ್ರಾಮದಲ್ಲಿ ಸಂಕಷ್ಟದಲ್ಲಿರುವ ಮಕ್ಕಳು ಕಂಡುಬಂದಿರುವುದಿಲ್ಲ" ಎಂದು ಬರೆದಿದ್ದೀರಿ. ಆ ಒಂದು ಸಾಲಿನಿಂದಾಗಿ ಬರುವ ತಿಂಗಳಿಂದ ನಮ್ಮ ಸಂಜೆಮನೆಗೆ ಬೀಗ ಬೀಳಲಿದೆ. ತಮ್ಮ ವಾಕ್ಯದಲ್ಲಿ ಸುಳ್ಳಿಲ್ಲ. ಕಂಡುಬಂದಿಲ್ಲ, ನಿಜ. ಕಂಡುಬರದ ಹಾಗೆ ಇಡೀ ಊರು ಸೇರಿ ನೋಡಿಕೊಂಡಿದ್ದೆವು. ಅದಕ್ಕಾಗಿಯೇ ಈ ಪತ್ರ.

ಮೊದಲು ಇದನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಊರಿನವರ ಆಸೆ. ನಾನು ಮಂಡ್ಯದಲ್ಲಿ ಕಾಲೇಜು ಓದಿದವನು, ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಮಾತನಾಡಲು ಸಿಕ್ಕಿದವರನ್ನೆಲ್ಲ ಹಿಡಿದು ನಿಲ್ಲಿಸುವವನು. ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬವ್" ಎಂದು ಗಟ್ಟಿಯಾಗಿ ಶುರು ಮಾಡಿದೆ. ಮೇಲೆ ಏನನ್ನೂ ಬರೆದಿರಲಿಲ್ಲವಾದ್ದರಿಂದ ಅದು ಅಲ್ಲಿಗೇ ನಿಂತಿತು. ಕನ್ನಡದಲ್ಲಿ ಹಾಗಲ್ಲ, ನಿಲ್ಲಿಸುವುದೇ ಕಷ್ಟ. ತಾವು ಸಹಿಸಿಕೊಳ್ಳಬೇಕು.

ಸಂಜೆಮನೆ ಎಂದರೆ ಹಳೇ ಶಾಲೆಯ ಒಂದು ಕೋಣೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಕೋಣೆಗಳನ್ನು ನಡೆಸುವ ಒಂದು ಸಣ್ಣ ಸೇವಾಸಂಸ್ಥೆ ಇದೆ. ಲಾಭ ಗೀಭ ಏನೂ ಇಲ್ಲದ್ದು. ಅವರ ಕಡೆಯಿಂದ ರಂಜಿತ ಎಂಬ ಹುಡುಗಿ ಪಾಂಡವಪುರದಿಂದ ದಿನಾ ಸ್ಕೂಟಿಯಲ್ಲಿ ಬರುತ್ತಾಳೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಊಟ, ಪಾಠ, ಆಟ. ಕೋಣೆ ತಮ್ಮ ಇಲಾಖೆಯದು, ಅಕ್ಕಿ ಬೇಳೆ ಸಂಸ್ಥೆಯದು, ಗದ್ದಲ ಮಕ್ಕಳದು. ಆದರೆ ರಂಜಿತಳ ನಿಜವಾದ ಕೆಲಸ ಇರುವುದು ಕೋಣೆಯ ಹೊರಗೆ. ಮಗು ಯಾಕೆ ಶಾಲೆ ಬಿಟ್ಟಿದೆ ಎಂದು ಮನೆಯೊಳಕ್ಕೇ ಹೋಗಿ ಕೂರುತ್ತಾಳೆ. ಮನೆ ನೆಟ್ಟಗಾದರೆ ಮಗು ತಾನೇ ನೆಟ್ಟಗಾಗುತ್ತದೆ ಎನ್ನುವುದು ಅವಳ ವಾದ.

ಇನ್ನು ಅಂಬಿಕಳ ವಿಷಯ. ಆರನೇ ಕ್ಲಾಸಿನ ಹುಡುಗಿ. ಅಪ್ಪ ಕನಕರಾಜು ಲಾರಿ ಡ್ರೈವರು. ಲೋಡು ಇಳಿಸಿ ಬರುತ್ತೇನೆಂದು ಹೋದವನು ಮೂರು ವರ್ಷದಿಂದ ಇನ್ನೂ ಇಳಿಸುತ್ತಲೇ ಇದ್ದಾನೆ. ಅವಳ ಅವ್ವ ಮಮತ ಬೆಳ್ಳೂರು ಕ್ರಾಸಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ರಾತ್ರಿ ಎಂಟಕ್ಕೆ ವಾಪಸು. ಮನೆಯಲ್ಲಿ ಅಜ್ಜಿ ತಿಮ್ಮಮ್ಮ. ಲಕ್ವ ಹೊಡೆದು ಒಂದು ಬದಿ ಸ್ವಾಧೀನವಿಲ್ಲ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಅಜ್ಜಿಯನ್ನು ನೋಡಿಕೊಳ್ಳಲು ಅಂಬಿಕ ಹೋದ ವರ್ಷ ಶಾಲೆ ಬಿಟ್ಟಿದ್ದಳು. ರಂಜಿತ ಬಂದು ಬೀದಿಯ ಹೆಂಗಸರನ್ನು ಕೂಡಿಸಿ, ಹಗಲು ಹೊತ್ತು ಅಜ್ಜಿಯ ಬಳಿ ಇಂತಿಂಥವರು ಇಂತಿಂಥ ದಿನ ಎಂದು ಸರದಿ ಮಾಡಿದಳು. ಸಂಸ್ಥೆಯಿಂದ ಒಂದು ಗಾಲಿಕುರ್ಚಿ ತರಿಸಿದಳು. ಈಗ ಅಂಬಿಕ ಶಾಲೆಗೆ ಹೋಗುತ್ತಾಳೆ. ಸಂಜೆ ಅಜ್ಜಿಯನ್ನೂ ತಳ್ಳಿಕೊಂಡು ಸಂಜೆಮನೆಗೆ ಬರುತ್ತಾಳೆ. ಅಲ್ಲಿ ತಿಮ್ಮಮ್ಮ ಮಗ್ಗಿ ತಪ್ಪಿದ ಮಕ್ಕಳಿಗೆಲ್ಲ ಬೈಯುವ ಹೊಣೆ ಹೊತ್ತಿದ್ದಾಳೆ. ಅವಳಿಗೆ ಮಗ್ಗಿ ಬರುವುದಿಲ್ಲ. ಅದು ಬೇರೆ ಮಾತು.

ಇಷ್ಟೆಲ್ಲ ಚೆನ್ನಾಗಿ ನಡೆದಿತ್ತು. ಆಗ ತಮ್ಮ ಕಚೇರಿಯಿಂದ, ಮುಂದಿನ ಬುಧವಾರ ಸಂಜೆಮನೆಯ ಮಕ್ಕಳ ಮನೆಗಳ ಪರಿಶೀಲನೆಗೆ ಬರುತ್ತೇವೆಂಬ ತಿಳಿವಳಿಕೆ ಬಂತು. ಒಂದು ವಾರ ಮೊದಲೇ. ಯಾರು ಸ್ವಾಮಿ ತಮಗೆ ಆ ಬುದ್ಧಿ ಹೇಳಿಕೊಟ್ಟವರು?

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾವುದಾದರೂ ಮನೆಗೆ ಹೆಣ್ಣು ನೋಡಲು ಬರುತ್ತಾರೆಂದರೆ ಅದು ಆ ಮನೆಯ ಕೆಲಸವಲ್ಲ, ಬೀದಿಯ ಕೆಲಸ. ಒಬ್ಬರ ಮನೆಯ ಕುರ್ಚಿ, ಇನ್ನೊಬ್ಬರ ಮನೆಯ ಬೆಳ್ಳಿ ಲೋಟ, ಮತ್ತೊಬ್ಬರ ಕೊರಳಿನ ಸರ, ಎಲ್ಲ ಆ ಮನೆ ಸೇರುತ್ತವೆ. ಕೆಮ್ಮುವ ತಾತ ಪಕ್ಕದ ಮನೆ ಸೇರುತ್ತಾನೆ. ಇದು ಮೋಸವಲ್ಲ. ಗಂಡಿನ ಕಡೆಯವರಿಗೂ ಗೊತ್ತಿರುತ್ತದೆ, ಗಂಡು ಕಟ್ಟಿದ ವಾಚು ಅವನ ಭಾವನದಾಗಿರುತ್ತದೆ. ಎರಡೂ ಕಡೆಯವರು ಒಂದೊಂದು ಕಣ್ಣು ಮುಚ್ಚಿಕೊಂಡೇ ಎಷ್ಟೋ ಸಂಸಾರಗಳು ಸುಖವಾಗಿ ನಡೆದಿವೆ. ನಮ್ಮೂರಿಗೆ ಇಲ್ಲಿಯವರೆಗೆ ದೊಡ್ಡವರು ನೋಡಲು ಬಂದದ್ದೆಲ್ಲ ಹೆಣ್ಣನ್ನೇ. ಪರಿಶೀಲನೆ ಎಂಬುದಕ್ಕೆ ಬೇರೆ ಶಾಸ್ತ್ರ ಉಂಟೆಂದು ನಮಗೆ ಯಾರು ಹೇಳಬೇಕಿತ್ತು?

ರಂಜಿತ ಹೇಳಿದಳು. "ಏನೂ ಮಾಡ್ಬೇಡಿ, ದಿನಾ ಎಂಗಿರ್ತೀರೋ ಅಂಗೇ ಇರಿ ಸಾಕು" ಎಂದು ಮನೆಮನೆಗೂ ಹೋಗಿ ಕೈ ಮುಗಿದಳು. ಪಂಚಾಯಿತಿಯ ಮಾಜಿ ಮೆಂಬರು ಚಿಕ್ಕಸ್ವಾಮಿ ಅವಳನ್ನು ಕೂರಿಸಿಕೊಂಡು ತಿಳಿಹೇಳಿದ.

"ಅಮ್ಮಣ್ಣಿ, ನೀನು ಪಾಂಡವಪುರದೋಳು, ನಿಂಗೆ ಗೊತ್ತಾಗಾಕಿಲ್ಲ ಬುಡು. ಜೀಪ್ನಾಗೆ ಬರೋರ ಮುಂದೆ ಅರಕಲು ಬಟ್ಟೆ ಮಕ್ಕಳ ನಿಲ್ಸುದ್ರೆ ಊರ ಮಾನ ಏನಾದದು?"

"ಅಂಗಲ್ಲ ಚಿಕ್ಕಸ್ವಾಮಣ್ಣ, ಅವ್ರು ನೋಡಕ್ಕೆ ಬರೋದೇ ಕಷ್ಟ ಏನದೆ ಅಂತ."

"ಕಷ್ಟ ನೋಡಕ್ಕೆ ಯಾವನಾರಾ ಬತ್ತನಾ? ಊಟಕ್ಕೆ ಎಷ್ಟು ಜನ, ಅದ ಏಳು."

ಅಂಬಿಕಳ ಮನೆಗೆ ಚಿಕ್ಕಸ್ವಾಮಿಯ ಸೋಫಾ ಟ್ರಾಕ್ಟರಿನಲ್ಲಿ ಬಂತು. ಬಾಗಿಲು ಸಣ್ಣದಾದ್ದರಿಂದ ಅರ್ಧ ಒಳಗೆ, ಅರ್ಧ ಹೊರಗೆ ನಿಂತು, ಕೊನೆಗೆ ಕಾಲು ಬಿಚ್ಚಿಸಿಕೊಂಡು ಒಳಗೆ ಹೋಯಿತು. ಅಂಬಿಕಳ ಕೊರಳಿಗೆ ಅವನ ಸೊಸೆಯ ಸರ. ಗಾಲಿಕುರ್ಚಿ ಹುಲ್ಲಿನ ಮೆದೆಯ ಹಿಂದೆ. ಅವರ ಪಕ್ಕದ ಮನೆಯ ಅಣ್ಣಮ್ಮ ನನ್ನ ಬಾಗಿಲಿಗೆ ಬಂದು ನಿಂತಳು. "ತಮ್ಮಯ್ಯಣ್ಣ, ಪುಟ್ಟತಾಯಕ್ಕನ ರೇಸ್ಮೆ ಸೀರೆ ಕೊಡು, ಓಟ್ಲಿಗೆ ರಜ ಆಕ್ಸಿ ಮಮತಂಗೆ ಉಡುಸ್ಬೇಕು. ಟ್ರಂಕ್ನಾಗೆ ಮಡೀಕಂಡು ನೀನು ಉಟ್ಕಂಡೀಯಾ?" ಕೊಟ್ಟೆ. ನನ್ನ ಪುಟ್ಟತಾಯಮ್ಮ ಇದ್ದಿದ್ದರೆ ಕೇಳುವ ಮೊದಲೇ ಕೊಟ್ಟು, ಆಮೇಲೆ ಆರು ತಿಂಗಳು ಬೀದಿಗೆಲ್ಲ ಅದನ್ನು ಹೇಳಿಕೊಂಡು ತಿರುಗುತ್ತಿದ್ದಳು. ನನಗೆ ಆ ಚಾಕಚಕ್ಯತೆ ಇಲ್ಲ, ಸುಮ್ಮನೆ ಕೊಟ್ಟೆ.

ತಿಮ್ಮಮ್ಮನನ್ನು ಚಾಪೆಸಮೇತ ಎತ್ತಿಕೊಂಡು ಅಣ್ಣಮ್ಮನ ಮನೆಯ ಹಿತ್ತಿಲ ಕೋಣೆಗೆ ಸಾಗಿಸುವಾಗ ಆಕೆ, "ನಾನಿನ್ನೂ ಸತ್ತಿಲ್ಲ ಕಣ್ರಲಾ, ಎತ್ಲಾಗೆ ಒತ್ಕಂಡು ಓಯ್ತಿದ್ದೀರಿ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದಳು. ಹೊತ್ತವರು ಹೆಜ್ಜೆ ಬಿರುಸು ಮಾಡಿದರು.

ತಾವು ಮೇಲುಕೋಟೆ ಕಡೆಯಿಂದ ಮಧ್ಯಾಹ್ನ ಮೀರಿ ಬಂದಿರಿ. ಸೋಫಾದಲ್ಲಿ ಕೂತಿರಿ. ಸರ ನೋಡಿದಿರಿ, ಸೀರೆ ನೋಡಿದಿರಿ. "ಏನಮ್ಮ ಪುಟ್ಟಿ, ಮನೇಲಿ ಏನಾದ್ರೂ ತೊಂದರೆ ಇದೆಯಾ?" ಎಂದು ಅಂಬಿಕಳನ್ನು ಕೇಳಿದಿರಿ. ಹಿಂದೆ ಚಿಕ್ಕಸ್ವಾಮಿ, ಪಕ್ಕದಲ್ಲಿ ನಾನು, ಬಾಗಿಲಲ್ಲಿ ಇಡೀ ಬೀದಿ. ಮಗು, "ಏನೂ ಇಲ್ಲ ಸಾರ್" ಎಂದಿತು. ಅಷ್ಟರಲ್ಲಿ ಪಕ್ಕದ ಹಿತ್ತಿಲಿನಿಂದ, "ಯಾವಳೇ ಅಲ್ಲಿ, ಒಂದು ಗುಟುಕು ನೀರು ಕೊಡ್ರೇ, ನಿಮ್ಮ ಮನೆ ಕಾಯೋಗ" ಎಂಬ ದನಿ ಬಂತು. ಅದು ಯಾರೆಂದು ಕೇಳಿದಿರಿ. "ಸೀರಿಯಲ್ಲು ಸಾರ್, ಟೀವಿ ಆಕವ್ರೆ" ಎಂದ ಚಿಕ್ಕಸ್ವಾಮಿ. ರಂಜಿತ, "ಸಾರ್, ಒಂದ್ನಿಮಿಷ, ನಾನು ಹೇಳ್ಬೇಕು" ಎಂದು ಬಾಯಿ ತೆಗೆದಳು. "ಎಲೆ ಆಕವ್ವ, ಸಾಯೇಬ್ರು ಅಸ್ಕಂಡವ್ರೆ" ಎಂದು ಅವಳನ್ನು ಒಳಗೆ ಕಳಿಸಲಾಯಿತು. ಕಾಲಿಲ್ಲದ ಆ ಸೋಫಾ ಅಷ್ಟು ತಗ್ಗಾಗಿ ಏಕಿದೆಯೆಂದು ತಮಗೆ ಅನುಮಾನವೇ ಬರಲಿಲ್ಲವೇ? ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದಿರಲ್ಲ?

ವರದಿ ಬಂದ ಮೇಲೆ ನಾನೂ ರಂಜಿತಳೂ ತಮ್ಮ ಕಚೇರಿಗೆ ಬಂದೆವು. ಸೋಫಾದಿಂದ ಹಿಡಿದು ಸೀರಿಯಲ್ಲಿನವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆವು. ತಾವು ಕನ್ನಡಕ ತೆಗೆದು, "ನಾನು ಕಣ್ಣಾರೆ ಕಂಡಿದ್ದನ್ನ ಬರೆದಿದ್ದೀನಿ. ಈಗ ಬಂದು ಬಡವರು ಅಂದ್ರೆ ಹೇಗೆ ನಂಬೋದು?" ಎಂದಿರಿ. ನಮ್ಮ ಕಾಲೇಜಿನ ಮೇಷ್ಟರು "ಅಪಿಯರೆನ್ಸಸ್ ಆರ್ ಆಫನ್" ಎಂದು, ತೋರಿಕೆ ನಂಬಬೇಡ ಎಂಬರ್ಥದ್ದು ಏನೋ ಹೇಳುತ್ತಿದ್ದರು, ಅದನ್ನು ಅಲ್ಲೇ ಹೇಳಬೇಕೆಂದು ಹೊರಟೆ. ಕೊನೆಯ ಪದ ನೆನಪಾದದ್ದು ಬಸ್ಸು ನಾಗಮಂಗಲ ದಾಟಿದ ಮೇಲೆ.

ಸೀರೆ, ಸೋಫಾ ಒತ್ತಟ್ಟಿಗಿರಲಿ. ತಪ್ಪು ನಮ್ಮದೂ ಇದೆ. ಆದರೆ ತಮ್ಮ ವರದಿಯಲ್ಲಿ ಇನ್ನೊಂದು ಸಾಲಿದೆ. "ಮಕ್ಕಳು ಆರೋಗ್ಯವಾಗಿದ್ದು, ಕ್ರಮವಾಗಿ ಶಾಲೆಗೆ ಹಾಜರಾಗುತ್ತಿರುವುದರಿಂದ ಕೇಂದ್ರದ ಅವಶ್ಯಕತೆ ಇರುವುದಿಲ್ಲ." ಇದನ್ನು ಓದಿ ನಾನು ಎರಡು ದಿನ ಯೋಚಿಸಿದೆ. ಮಕ್ಕಳು ಆರೋಗ್ಯವಾಗಿರುವುದು ಸಾಲದಲ್ಲಿ ತಂದದ್ದಲ್ಲ, ಸ್ವಾಮಿ. ಅದೊಂದೇ ಆವತ್ತು ತಮಗೆ ತೋರಿಸಿದ ಸ್ವಂತದ ಒಡವೆ. ಅದು ಬಂದದ್ದು ಸಂಜೆಮನೆಯಿಂದ. ಕೊಡೆ ಹಿಡಿದವನ ತಲೆ ಒಣಗಿದೆ ನೋಡು ಎಂದು ಕೊಡೆ ಕಿತ್ತುಕೊಳ್ಳುತ್ತಾರೆಯೇ? ಮಗು ಸೊರಗಿದ್ದರೆ ಕೇಂದ್ರದಿಂದ ಪ್ರಯೋಜನವಿಲ್ಲ, ಮುಚ್ಚಿ. ಮಗು ಚೆನ್ನಾಗಿದ್ದರೆ ಕೇಂದ್ರದ ಅಗತ್ಯವಿಲ್ಲ, ಮುಚ್ಚಿ. ಹಾಗಾದರೆ ತೆರೆದಿಡಲು ಮಗು ಹೇಗಿರಬೇಕು? ದಯಮಾಡಿ ತಿಳಿಸಿದರೆ ಹಾಗೆಯೇ ಅಲಂಕಾರ ಮಾಡುತ್ತೇವೆ, ನಮಗೆ ಅಭ್ಯಾಸವಾಗಿದೆ. "ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್" ಎಂದು ತಮ್ಮ ಕಚೇರಿಯ ಗೋಡೆಯ ಮೇಲೆಯೇ ದೊಡ್ಡದಾಗಿ ಬರೆದಿದೆ. ಮುಂದಿನ ಪದದ ಮೇಲೆ ಬೀರು ನಿಂತಿತ್ತು.

ಸಂಜೆಮನೆ ಮುಚ್ಚಿದರೆ ಏನಾಗುತ್ತದೆಂದು ಊಹಿಸಬೇಕಾಗಿಲ್ಲ. ಹೋದ ವಾರ ರಂಜಿತ ಜ್ವರ ಬಂದು ನಾಲ್ಕು ದಿನ ರಜೆ ಹಾಕಿದಳು. ನೆನಪಿಸುವವರಿಲ್ಲದೆ ಸರದಿ ಕೆಟ್ಟಿತು. ಅಣ್ಣಮ್ಮ, ಎದುರು ಮನೆಯ ಬೈರಮ್ಮ ಹೋಗಿರುತ್ತಾಳೆಂದುಕೊಂಡಳು. ಬೈರಮ್ಮ, ಅಣ್ಣಮ್ಮ ಹೋಗಿರುತ್ತಾಳೆಂದುಕೊಂಡಳು. ನಾನು, ಇಬ್ಬರೂ ಹೋಗಿರುತ್ತಾರೆಂದುಕೊಂಡು ಪೇಪರು ಓದುತ್ತಿದ್ದೆ. ಯಾರೂ ಕೆಟ್ಟವರಲ್ಲ. ಮೂರನೇ ದಿನ ಅಂಬಿಕ ಶಾಲೆಗೆ ಹೋಗದೆ ಅಜ್ಜಿಯ ಬಟ್ಟೆ ಒಗೆಯುತ್ತಿದ್ದಳು. "ಯಾಕವ್ವ ಇಸ್ಕೂಲ್ಗೆ ಓಗ್ನಿಲ್ವಾ?" ಎಂದರೆ, "ಓಯ್ತೀನಿ ತಾತ, ಅಕ್ಕ ಬರ್ಲಿ" ಎಂದಳು. ಮುಂದಿನ ತಿಂಗಳಿಂದ ಆ ಅಕ್ಕ ಬರುವುದಿಲ್ಲ. ಆಗ ಆ ಮಗುವಿಗೆ ಏನು ಹೇಳಬೇಕೆಂದು ತಮ್ಮ ಆದೇಶದಲ್ಲಿ ಬರೆದಿಲ್ಲ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಸಂಜೆಮನೆಯಲ್ಲೇ ಎಲ್ಲರಿಗೂ ಓದಿ ಹೇಳಿದೆ. ಚಿಕ್ಕಸ್ವಾಮಿ ತಲೆ ಕೆರೆದುಕೊಂಡ. "ಎಲ್ಲಾ ಸರಿ ಕಣ್ಲಾ ತಮ್ಮಯ್ಯ, ಆದ್ರೆ ಪಾತ್ರೆ ತೊಳೆಯೋದು, ಗಂಡ ಬುಟ್ಟೋಗಿರೋದು, ಇದ್ನೆಲ್ಲ ಪೇಪರ್ಗೆ ಆಕ್ಬೇಕಾ? ಆ ಎಣ್ಣುಮಗಳ ಎಸ್ರು ಬದ್ಲಾಯಿಸ್ಬುಡು. ಸೀತೆ ಅಂತ್ಲೋ ಗೀತೆ ಅಂತ್ಲೋ ಬರಿ." ನನಗೂ ಸರಿ ಎನಿಸಿ ಪೆನ್ನು ತೆಗೆದೆ.

ಬಸ್ಸಿಳಿದು ಬಂದು ಗೋಡೆಗೊರಗಿ ನಿಂತಿದ್ದ ಮಮತ ಮುಂದೆ ಬಂದಳು. ಸೋಪಿನ ನೀರಿನಲ್ಲಿ ಬೆಂದು ಬಿರಿದ ಎರಡೂ ಅಂಗೈಗಳನ್ನು ದೀಪದ ಕೆಳಗೆ ಚಾಚಿದಳು.

"ಬದ್ಲಾಯಿಸ್ಬೇಡಿ ಮಾವ. ಆವತ್ತು ರೇಸ್ಮೆ ಸೀರೆ ಉಟ್ಟು ನಾನಲ್ಲ ಅನ್ನಂಗೆ ನಿಂತಿದ್ದಾಯ್ತು. ಈಗ ಎಸ್ರೂ ನಂದಲ್ದೆ ಓದ್ರೆ, ಅಂಥೋಳು ಯಾರೂ ಇಲ್ಲ ಅಂತ ಇನ್ನೊಂದ್ಸಲ ಬರ್ಕಂಡು ಓಯ್ತಾರೆ. ಮಮತ ಅಂತ್ಲೇ ಬರೀರಿ. ನನ್ನ ಮಗ್ಳು ಓದ್ಬೇಕು."

ಚಿಕ್ಕಸ್ವಾಮಿ ನನ್ನ ಕೈಯ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದ. ಮೂವತ್ತು ವರ್ಷದಲ್ಲಿ ಅವನು ಇನ್ನೊಬ್ಬರ ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಆದ್ದರಿಂದ ನಮ್ಮ ಆಗ್ರಹ ಇಷ್ಟು. ತಾವು ಇನ್ನೊಮ್ಮೆ ಬನ್ನಿ. ಹೇಳದೆ ಕೇಳದೆ ಬನ್ನಿ, ಯಾವುದಾದರೂ ಸಾಮಾನ್ಯ ದಿನ ಸಂಜೆ ಬನ್ನಿ, ಎಂಟರ ಬಸ್ಸು ಬರುವವರೆಗೆ ಇರಿ. ನೋಡಿದ ಮೇಲೆ ಏನು ಬೇಕಾದರೂ ಬರೆಯಿರಿ. ಅಲ್ಲಿಯವರೆಗೆ ಸಂಜೆಮನೆಗೆ ಬೀಗ ಹಾಕಕೂಡದು, ರಂಜಿತಳನ್ನು ನಮ್ಮೂರಿನಿಂದ ಬಿಡಿಸಕೂಡದು.

ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬಾರದು. ತಾವು ಬಂದಾಗ ಯಾರೂ ಎದ್ದು ನಿಲ್ಲುವುದಿಲ್ಲ, ಯಾರೂ ಬಟ್ಟೆ ಬದಲಾಯಿಸುವುದಿಲ್ಲ, ಕಾಫಿಯನ್ನೂ ಕೊಡುವುದಿಲ್ಲ. ಈ ಕೊನೆಯದರ ಮೇಲೆ ಬಹಳ ಹೊತ್ತು ಜಗಳವಾಯಿತು. "ಬಾಗ್ಲಿಗೆ ಬಂದೋರ್ಗೆ ಒಂದು ಲೋಟ ಕಾಪಿ ಕೊಡ್ದೆ ಕಳ್ಸೋದು ಒಂದು ಊರಾ?" ಎಂದು ಅಣ್ಣಮ್ಮ ಕಣ್ಣೀರೇ ಹಾಕಿದಳು. ಕಾಫಿಯಿಂದ ಶುರುವಾದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಎಲ್ಲರಿಗೂ ಗೊತ್ತಿರುವುದರಿಂದ ಕೊನೆಗೆ ಒಪ್ಪಿದಳು. ನೀರು ಕೊಡುತ್ತೇವೆ. ನಮ್ಮ ಕೈಲಾದಷ್ಟು ಅಮರ್ಯಾದೆಯಿಂದ ನಡೆದುಕೊಳ್ಳಲು ಪ್ರಯತ್ನಪಡುತ್ತೇವೆ. ಅಂಬಿಕ ಶಾಲೆಗೆ ಹೋಗಬೇಕಾದರೆ ಇಷ್ಟಾದರೂ ಮಾಡಲೇಬೇಕು.

ಇಂತಿ,
ಬಂದವರನ್ನು ಬರಿಗೈಯಲ್ಲಿ ಕೂರಿಸುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿರುವ,
ತಮ್ಮಯ್ಯ
ಮತ್ತು ಹೆಸರು ಬದಲಾಯಿಸದ ಮಮತ