ಇಂಗ್ಲಿಷಿನಲ್ಲಿ ಆರಿದ ನರಕ ಕನ್ನಡದಲ್ಲಿ ಉರಿಯುತ್ತಿದೆ

ಮಾನ್ಯ ಸಭಾಪಾಲಕರೇ,

ನೀವು ನನ್ನ ತಾಯಿಯನ್ನು ಕೊಲ್ಲುತ್ತಿದ್ದೀರಿ. ಆಯುಧ ಹಿಡಿದಲ್ಲ, ಅಂಥ ಒರಟು ಕೆಲಸ ವಿಲಾಯತಿಯಲ್ಲಿ ಓದಿಬಂದವರಿಗೆ ಒಗ್ಗುವುದಿಲ್ಲ. ಕಳೆದ ರವಿವಾರ ಮುಂಜಾನೆಯ ಆರಾಧನೆಯಲ್ಲಿ ನೀವು ಪೀಠದಿಂದ ಮಾಡಿದ ಕನ್ನಡ ಪ್ರಸಂಗವೇ ಅದಕ್ಕೆ ಸಾಕಾಯಿತು. ಅಂಚೆಗೆ ಹಾಕಿದ ಪತ್ರ ನಿಮ್ಮ ಮೇಜಿನ ಖಾನೆ ಸೇರುತ್ತದೆಂದು ತಿಳಿದೇ ಇದನ್ನು ಲಷ್ಕರ್ ಪೇಟೆಯ ನಿಮ್ಮ ದೇವಾಲಯದ ಬಾಗಿಲಿಗೆ ಮೊಳೆ ಹೊಡೆದು ಹಚ್ಚಿದ್ದೇನೆ. ಹಿಂದೆ ಜರ್ಮನಿಯಲ್ಲಿ ಒಬ್ಬ ಸನ್ಯಾಸಿ ಹೀಗೆಯೇ ಮಾಡಿದನೆಂದು ನೀವು ವರ್ಷಕ್ಕೊಮ್ಮೆ ಹೆಮ್ಮೆಯಿಂದ ಹೇಳುತ್ತೀರಲ್ಲವೇ? ಸಾಗವಾನಿ ಬಾಗಿಲಿಗೆ ಆದ ಗಾಯಕ್ಕೆ ಮರುಗುವಿರೆಂದು ಬಲ್ಲೆ. ಮರುಗಿ ಮುಗಿದ ಮೇಲೆ ಮುಂದೆ ಓದಿ.

ಆ ಮುಂಜಾನೆ ನೀವು, ನರಕದ ಉರಿಯಲ್ಲಿ ಬಿದ್ದ ಶ್ರೀಮಂತನೊಬ್ಬ ತನ್ನ ನಾಲಿಗೆಗೆ ಒಂದು ಹನಿ ನೀರು ಬೇಡಿದ ಕಥೆ ಹೇಳಿದಿರಿ. ಪಶ್ಚಾತ್ತಾಪವಿಲ್ಲದೆ ಸತ್ತ ಪ್ರತಿಯೊಬ್ಬನಿಗೂ ಅದೇ ಗತಿ ಎಂದಿರಿ. ಖಡಕಿಯ ಮದ್ದುಗುಂಡಿನ ಕಾರ್ಖಾನೆಯವರು, ರೈಲಿನವರು, ಸಾಹೇಬರ ಮನೆಯ ಆಯಾಗಳು ಕೂತಲ್ಲೇ ನಡುಗಿದರು. ಅದೇ ಸಂಜೆ, ಅದೇ ಪೀಠದಿಂದ, ಅದೇ ಬಿಳಿ ನಿಲುವಂಗಿಯಲ್ಲಿ, ವಕೀಲರೂ ಪ್ರೊಫೆಸರರೂ ಕೂತ ಇಂಗ್ಲಿಷ್ ಆರಾಧನೆಯಲ್ಲಿ ಏನೆಂದಿರಿ? ನರಕವೆಂಬುದು ಒಂದು ಜಾಗವಲ್ಲ, ಪ್ರಾಚೀನರ ಅಲಂಕಾರದ ಮಾತು. ಪ್ರೀತಿಯ ದೇವರು ಯಾರನ್ನೂ ಸುಡುವುದಿಲ್ಲ ಎಂದಿರಿ. ನಾನು ಶಾಲೆಯಲ್ಲಿ ಕಲಿಸುವವಳು, ನನಗೆ ಎರಡೂ ಭಾಷೆ ತಿಳಿಯುತ್ತದೆ. ಎರಡೂ ಹೊತ್ತು ಹಿಂದಿನ ಬೆಂಚಿನಲ್ಲಿದ್ದೆ. ಮುಂಜಾನೆಯ ಬೆಂಕಿಗೆ ಸಂಜೆಯೊಳಗೆ ನೀರು ಹೊಯ್ದವರು ಯಾರು? ಇಂಗ್ಲಿಷ್ ಬಲ್ಲವರಿಗೆ ಮಾತ್ರ ದೇವರಿಗೆ ಕರುಣೆ ಬರುತ್ತದೆಯೇ?

ನನ್ನ ಅಪ್ಪ ದೌಂಡದ ರೈಲು ನಿಲ್ದಾಣದಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಬೆಟಗೇರಿಯಿಂದ ಬಂದವನು, ನಮ್ಮ ಸಭೆಯಲ್ಲೇ ಅತಿ ಕಟ್ಟುನಿಟ್ಟಿನವನು. ಒಂದು ವರ್ಷ ಪಂಢರಪುರಕ್ಕೆ ಹೊರಟ ಭಕ್ತರ ದಿಂಡಿ ಹಾದುಹೋಗುವಾಗ ನನ್ನ ಅಣ್ಣ ದೇವಪುತ್ರ ಆ ಭಕ್ತರ ಜೊತೆ ತಾಳ ಹಾಕಿ ಕುಣಿದು, ಹಣೆಗೆ ಅವರ ಕರಿ ಬುಕ್ಕಿಟ್ಟು ಹಚ್ಚಿಸಿಕೊಂಡು ನಗುನಗುತ್ತ ಮನೆಗೆ ಬಂದ. ಅಪ್ಪ ಚರ್ಮದ ಪಟ್ಟಿಯಿಂದ ಬೆನ್ನು ಹರಿಯುವಂತೆ ಹೊಡೆದ. ಅಷ್ಟಕ್ಕೆ ತೃಪ್ತಿಯಾಗದೆ ಹುಡುಗನ ಅಂಗೈಯನ್ನು ಒಲೆಯ ಕೆಂಡಕ್ಕೆ ಒತ್ತಿ ಹಿಡಿದ. "ಇದು ಬರೇ ಒಂದ ಗಳಿಗಿ. ಅಲ್ಲಿ ಯುಗಯುಗ. ನೆನಪಿಡು," ಎಂದ. ಚರ್ಮ ಸುಟ್ಟ ವಾಸನೆ ವಾರವಾದರೂ ಅಡುಗೆಮನೆ ಬಿಡಲಿಲ್ಲ. ಅಣ್ಣ ಸೊಲ್ಲಾಪುರದ ಗಾಡಿ ಹತ್ತಿ ಓಡಿಹೋದ, ಬಟ್ಟೆ ಗಿರಣಿ ಸೇರಿದ, ದೊಡ್ಡ ಜ್ವರದ ವರ್ಷ ಅಲ್ಲೇ ಕೂಲಿಗಳ ಚಾಳಿನಲ್ಲಿ ಸತ್ತ. ಮತ್ತೆ ಯಾವ ಸಭೆಗೂ ಹೋಗಲಿಲ್ಲ, ಯಾರ ಕ್ಷಮೆಯನ್ನೂ ಕೇಳಲಿಲ್ಲ. ಕೇಳಬೇಕಾದವರು ಬೇರೆಯಿದ್ದರು. ಆ ಅಪ್ಪ ನಿದ್ದೆಯಲ್ಲೇ ಸುಖವಾಗಿ ತೀರಿಕೊಂಡ.

ನಿಮ್ಮ ಪ್ರಸಂಗ ಕೇಳಿ ಬಂದಾಗಿನಿಂದ ನನ್ನವ್ವ ಚನ್ನಬಸವ್ವ ನೀರು ಬಿಟ್ಟಿದ್ದಾಳೆ. ಮಂಗಳವಾರದ ತನಕ ತುಟಿ ತೊಯ್ಯುವಷ್ಟು ಕುಡಿದಳು, ಆಮೇಲೆ ಅದೂ ಇಲ್ಲ. "ಅವಗ ಅಲ್ಲಿ ಹನಿ ನೀರಿಲ್ಲ. ನಾ ಇಲ್ಲಿ ತಂಬಿಗಿ ಎತ್ತಿ ಕುಡೀಲೇನು?" ಎನ್ನುತ್ತಾಳೆ.

"ಅವ್ವಾ, ನರಕ ಇಲ್ಲವ್ವ. ಪಾದ್ರಿಸಾಹೇಬ್ರ ಸಂಜೀಕ ಹಂಗಂತ ಹೇಳ್ಯಾರ," ಎಂದೆ.

"ನನಗ ಮುಂಜಾನೆ ಹೇಳ್ಯಾರಲ್ಲ, ಐತಿ ಅಂತ. ಅಂಥಾವ್ರು ನನಗ ಸುಳ್ಳ ಹೇಳ್ತಾರೇನು?" ಎಂದಳು.

ಇದಕ್ಕೆ ಉತ್ತರವಿದ್ದರೆ ನೀವೇ ಕೊಡಿ. ನಿನ್ನೆ ಅವಳ ದವಡೆ ಹಿಡಿದು ಚಮಚದಿಂದ ಬಾಯಿ ಬಿಡಿಸಲು ಹೋದೆ. ಅವಳು ಹಲ್ಲು ಕಚ್ಚಿದಳು, ಚಮಚ ತುಟಿ ಸೀಳಿತು. ರಕ್ತ ಗದ್ದಕ್ಕಿಳಿಯಿತು, ನೀರು ಗಂಟಲಿಗಿಳಿಯಲಿಲ್ಲ. ನಾನು ಪ್ರೀತಿಯಿಂದಲೇ ಹಿಡಿದಿದ್ದೆ. ಅಪ್ಪನೂ ಪ್ರೀತಿಯಿಂದಲೇ ಎನ್ನುತ್ತಿದ್ದ.

ಅಲ್ಲಿಂದ ನೆಟ್ಟಗೆ ನಿಮ್ಮ ಬಂಗಲೆಗೆ ಬಂದೆ. ನೀವು ಚಹಾ ಕುಡಿಯುತ್ತಿದ್ದಿರಿ. "ನೋಡ್ರಿ ಅಕ್ಕಾರ, ಜನ ಇನ್ನೂ ಆ ಮಟ್ಟಕ್ಕ ಬಂದಿಲ್ಲ. ಬೆಂಕಿ ಅಂಜಿಕಿ ತಗದ್ರ ನಾಳೆ ಎಲ್ಲಾರೂ ಸೆರೆ ಕುಡಿಯಾಕ ಅಂಗಡಿ ಮುಂದ ನಿಲ್ತಾರ. ಸಾವಕಾಶ ಹೇಳೂಣು," ಎಂದಿರಿ.

"ಅವ್ವಗ ಸಾವಕಾಶ ಇಲ್ರಿ. ಮನೀಗೆ ಬರ್ರಿ, ಆಕಿಗೆ ಒಂದ ಮಾತು ಹೇಳ್ರಿ."

"ಒಬ್ರಿಗೆ ಹೇಳಿದ್ರ ಇಡೀ ಸಭಾಕ್ಕ ಹೇಳಿದಂಗ ಆಗ್ತದ."

ಆಗ ನಿಮ್ಮ ಕೊರಳಪಟ್ಟಿ ಹಿಡಿದು ನಮ್ಮ ಚಾಳಿನ ತನಕ ಎಳೆದೊಯ್ಯಬೇಕೆನ್ನಿಸಿತು. ಕಪ್ಪುಬಸಿಯಲ್ಲಿದ್ದ ಬಿಸಿ ಚಹಾ ನಿಮ್ಮ ಅಂಗೈಗೆ ಸುರಿದು, ಇದೂ ಅಲಂಕಾರವೇ ಎಂದು ಕೇಳಬೇಕೆನ್ನಿಸಿತು. ಹಾಗೆ ಮಾಡದೆ ಬಂದದ್ದಕ್ಕೆ ಈಗಲೂ ವಿಷಾದವಿದೆ.

ಅಪ್ಪನ ದೇವರನ್ನು ಬಿಟ್ಟು ನಿಮ್ಮ ದೇವರ ಹತ್ತಿರ ಬಂದವಳು ನಾನು. ಮೊದಲ ಸಲ ನಿಮ್ಮ ಇಂಗ್ಲಿಷ್ ಪ್ರಸಂಗ ಕೇಳಿದ ದಿನ ಬಂಡ್ ಗಾರ್ಡನಿನ ನದೀದಂಡೆಯಲ್ಲಿ ಕೂತು ಹೊಟ್ಟೆ ತುಂಬ ಅತ್ತೆ. ಅಣ್ಣನ ಕೈ ತಣ್ಣಗಾಯಿತು ಎನ್ನಿಸಿತ್ತು. ಈಗ ಅನುಮಾನ ಹುಟ್ಟಿದೆ. ಅಪ್ಪನ ದೇವರು ಕ್ರೂರಿ, ಆದರೆ ನಮ್ಮ ಒಲೆಯ ತನಕ ಬರುತ್ತಿದ್ದ. ನಿಮ್ಮ ದೇವರು ಸಂಭಾವಿತ. ಯಾರನ್ನೂ ಸುಡುವುದಿಲ್ಲ, ಸುಡುವವರ ಕೈಯನ್ನೂ ಹಿಡಿಯುವುದಿಲ್ಲ. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂಬ ಗಾದೆ ಕ್ರೈಸ್ತಳ ಬಾಯಿಗೆ ತಕ್ಕುದಲ್ಲ ಎನ್ನುವಿರೋ? ಇಂಥ ದೇವರಿಗೆ ಬೇರೆ ಗಾದೆ ಸಿಗಲಿಲ್ಲ. ಆದರೂ ನಿಮ್ಮ ದೇವರೇ ನಿಜವಾಗಿರಲಿ ಎಂದು ನನ್ನ ಜೀವ ಹಂಬಲಿಸುತ್ತದೆ. ಇಷ್ಟೊಂದು ಸಿಟ್ಟು ಅದಕ್ಕೇ.

ಆದ್ದರಿಂದ ಇವತ್ತು ಹೊತ್ತು ಮುಳುಗುವುದರೊಳಗೆ ಘೋರಪಡಿಯ ರೈಲು ಚಾಳಿಗೆ ಬನ್ನಿ. ನಿಲುವಂಗಿ ತೊಟ್ಟೇ ಬನ್ನಿ, ಅವ್ವನಿಗೆ ಅದರ ಮೇಲೆ ನಂಬಿಕೆ. "ಯವ್ವಾ, ನಿನ್ನ ಮಗ ಬೆಂಕ್ಯಾಗ ಇಲ್ಲ" ಎಂದು ಕನ್ನಡದಲ್ಲಿ ಹೇಳಿ, ತಂಬಿಗೆ ನೀವೇ ಎತ್ತಿ ಕುಡಿಸಿ. ಬರಲಾರಿರೋ, ಬರುವ ರವಿವಾರ ಸಂಜೆ ಆ ವಕೀಲರಿಗೂ ಪ್ರೊಫೆಸರರಿಗೂ ಇಂಗ್ಲಿಷಿನಲ್ಲೇ ಬೆಂಕಿ ಹಚ್ಚಿ. ಅವರ ಸತ್ತ ಮಕ್ಕಳನ್ನೂ ಅವರ ಕಣ್ಣೆದುರು ಸುಡಿ. ಎರಡೂ ನಿಮ್ಮಿಂದಾಗದಿದ್ದರೆ, ಅವ್ವನ ಹೆಣವನ್ನು ನಿಮ್ಮ ದೇವಾಲಯಕ್ಕೆ ಸಂಜೆಯ ಆರಾಧನೆಗೇ ತರುತ್ತೇನೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ನಿಮ್ಮ ದೇವರು ಯಾರನ್ನೂ ಸುಡುವುದಿಲ್ಲವಲ್ಲ.

ಇಂತಿ,
ಸಮಾಧಾನಪ್ಪನ ಮಗಳಾಗಿಯೂ ಸಮಾಧಾನ ಕಾಣದ
ಪಂಕಜಾಕ್ಷಿ