ಬೋರಲು ಲೋಟ

ಬೆಟಗೇರಿ,
ಫೆಬ್ರವರಿ 30, 2214

ಇನ್ನೂರು ವರ್ಷ ಹಿಂದಿನ ನನ್ನ ಹಿರಿಯರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ನಾವು ಎರಡು ದಿನ ಕೂಡಿಸಿದ್ದೇವೆ. ಪರೀಕ್ಷೆಗೆ ಮುಂಚೆ ಮಕ್ಕಳು ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡಲಿ ಎಂದು ಕೊಟ್ಟ ದಿನಗಳವು; ‘ನಿದ್ದೆಯ ಜೋಡಿ’ ಎನ್ನುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಮದುವೆ ಕರೆಯೋಲೆಗಳನ್ನು ಓದಿ ಕಲಿತವಳು ನಾನು. ಹುಟ್ಟಿನಲ್ಲಿ ನೀವು ಹಿರಿಯರು, ವಯಸ್ಸಿನಲ್ಲಿ ಬಹುಶಃ ನಾನೇ ದೊಡ್ಡವಳು. ನಮಸ್ಕಾರ ಹೇಳಬೇಕೋ ಆಶೀರ್ವಾದ ಮಾಡಬೇಕೋ ತಿಳಿಯದೆ ಎರಡನ್ನೂ ಕಳಿಸುತ್ತಿದ್ದೇನೆ, ಬೇಕಾದ್ದನ್ನು ಇಟ್ಟುಕೊಳ್ಳಿ.

ನಾವು ಸುಖವಾಗಿದ್ದೇವೆ. ಜಂಬವಲ್ಲ, ಇರುವುದನ್ನು ಹೇಳುತ್ತಿದ್ದೇನೆ. ಶಾಲೆಯ ಗಂಟೆ ಹತ್ತಕ್ಕೆ ಹೊಡೆಯುತ್ತದೆ, ಏಕೆಂದರೆ ಹದಿಹರೆಯದ ಕಣ್ಣು ಅದಕ್ಕೆ ಮುಂಚೆ ತೆರೆಯುವುದಿಲ್ಲ. ಅಂಕಗಳನ್ನು ಗೋಡೆಗೆ ಹಚ್ಚುವುದಿಲ್ಲ, ಮಗುವಿನ ಕಿವಿಯಲ್ಲಿ ಹೇಳುತ್ತಾರೆ. ಅದಕ್ಕೆ ‘ಕಿವಿಯಂಕ’ ಎಂದು ಹೆಸರು. ಪಕ್ಕದ ಮನೆಯವರಿಗೆ ಗೊತ್ತಾಗುವುದಿಲ್ಲ, ಪಾಪ, ಅವರಿಗೆ ಊಟ ಸೇರುವುದಿಲ್ಲ. ನಿಮ್ಮ ಅಂಗೈಯಲ್ಲಿ ಸದಾ ಬೆಳಗುವ ಫಲಕವಿದೆಯಲ್ಲ, ಅದು ನಮ್ಮಲ್ಲಿ ‘ಮೆರೆಗನ್ನಡಿ’. ಅದರಲ್ಲಿ ನಮ್ಮ ಮುಖ ಕಾಣುವುದಿಲ್ಲ, ಮಂದಿಯ ಮೆರವಣಿಗೆ ಕಾಣುತ್ತದೆ. ಅದನ್ನು ನಾವು ಬಿಟ್ಟಿಲ್ಲ. ಉಪ್ಪಿನಕಾಯಿಯಂತೆ ಎಲೆಯ ತುದಿಗೆ ಸ್ವಲ್ಪವೇ ಬಡಿಸುತ್ತೇವೆ.

ನಮ್ಮೂರಿನ ದೊಡ್ಡ ಪದ್ಧತಿ ಎಂದರೆ ಲೋಟ. ಹನ್ನೆರಡು ತುಂಬಿದ ಪ್ರತಿ ಮಗುವಿಗೂ ಹೆಸರು ಕೊರೆಸಿದ ಒಂದು ಸ್ಟೀಲ್ ಲೋಟ ಕೊಡುತ್ತಾರೆ. ಅದು ಬೀದಿಯ ಕಡೆಯ ಕಿಟಕಿಯಲ್ಲಿ ನೆಟ್ಟಗೆ ನಿಂತಿರುತ್ತದೆ. ಮನಸ್ಸು ಭಾರವಾದ ದಿನ ಮಗು ಅದನ್ನು ಬೋರಲು ಹಾಕುತ್ತದೆ, ಅಷ್ಟೆ, ಬಾಯಿ ಬಿಡಬೇಕಾಗಿಲ್ಲ. ಆಗ ಆ ಮಗುವಿನ ‘ಒರಗು’ ಚಹಾ ತರುತ್ತಾರೆ. ಒರಗು ಎಂದರೆ ಓಣಿಯಲ್ಲಿ ಆ ಮಗುವೇ ಆರಿಸಿಕೊಂಡ ಒಬ್ಬ ದೊಡ್ಡವರು. ಅವರು ‘ಏನಾಯಿತು’ ಎಂದು ಕೇಳಕೂಡದು, ಬುದ್ಧಿ ಹೇಳಕೂಡದು, ಪಕ್ಕದಲ್ಲಿ ಕೂರಬೇಕು. ಭಾರ ಹೆಚ್ಚೆನಿಸಿದರೆ ಜ್ವರಕ್ಕೆ ಕರೆದೊಯ್ದಂತೆ ಹಗಲಿನಲ್ಲಿಯೇ ವೈದ್ಯರ ಹತ್ತಿರ ಕರೆದೊಯ್ಯಬೇಕು. ಈ ಕೆಲಸವನ್ನು ತಂದೆತಾಯಿಗೆ ಕೊಟ್ಟಿಲ್ಲ. ಹೆತ್ತವರು ಮೊದಲು ಹೆದರುತ್ತಾರೆ, ಆಮೇಲೆ ಉಪದೇಶ ಶುರು ಮಾಡುತ್ತಾರೆ. ಬೋರಲು ಲೋಟಕ್ಕೆ ಈ ಅರ್ಥವಿರುವುದರಿಂದ ನಮ್ಮೂರಲ್ಲಿ ತೊಳೆದ ಲೋಟವನ್ನು ಯಾರೂ ಬೋರಲು ಹಾಕುವುದಿಲ್ಲ, ಅಡ್ಡ ಮಲಗಿಸಿ ಒಣಗಿಸುತ್ತಾರೆ.

ನನ್ನ ಮೊಮ್ಮಗಳು ಮೃಡಾನಿಗೆ ಹದಿನಾರು. ಕಳೆದ ದೀಪಾವಳಿಯಿಂದ ಅವಳು ಬಾಡತೊಡಗಿದಳು. ರೊಟ್ಟಿಯನ್ನು ನಾಯಿಗೆ ಹಾಕುತ್ತಿದ್ದಳು, ಹಾಡು ನಿಲ್ಲಿಸಿದಳು, ಮಾತಾಡಿಸಿದರೆ ನಗುತ್ತಿದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಲೋಟ ಮಾತ್ರ ದಿನಾ ಬೆಳಿಗ್ಗೆ ನೆಟ್ಟಗೆ! ಲೋಟ ನೆಟ್ಟಗಿದ್ದಾಗ ಕೆದಕಬಾರದೆಂಬುದು ನಮ್ಮ ಕಟ್ಟುಪಾಡು. ನನ್ನ ನಾಲಿಗೆ ತುರಿಸುತ್ತಿತ್ತು. ಲೋಟ ನೆಟ್ಟಗೇ ಉಳಿದು ಹುಡುಗಿಯೇ ನಮ್ಮ ಕೈಬಿಟ್ಟು ಹೋದರೆ ಏನು ಗತಿ ಎಂದು ಹೆದರಿದ್ದೆ. ಎಲ್ಲ ಚೆನ್ನಾಗಿ ಕಟ್ಟಿದ ಊರಿನಲ್ಲಿ ಕೂತು ಏನೂ ಮಾಡಲಾಗದೆ ಬೇಯುತ್ತಿದ್ದೆ.

ಆಗ ಸಂಕ್ರಾಂತಿಗೆ ಕಾರವಾರದ ಹೊಸ ಅಳಿಯ ಬಂದ. ನನ್ನ ಕಿರಿಯ ಮಗಳ ಗಂಡ, ದಾಮೋದರ. ಅತ್ತೆಯ ಮನೆಯಲ್ಲಿ ಒಳ್ಳೆಯವನೆನಿಸಿಕೊಳ್ಳುವ ಉಮೇದು. ನಾವೆಲ್ಲ ಎಳ್ಳು ಬೀರಲು ಹೋಗಿದ್ದಾಗ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದು, ಬಿಸಿಲು ಚೆನ್ನಾಗಿದೆ ಎಂದು ಲೋಟಗಳನ್ನೆಲ್ಲ ಬೀದಿ ಕಿಟಕಿಯಲ್ಲಿ ಸಾಲಾಗಿ ಬೋರಲು ಹಾಕಿದ. ಮೃಡಾನಿಯದೂ ಅದರಲ್ಲಿತ್ತು, ಅವಳು ಒಳಗೆ ಮಲಗಿದ್ದಳು.

ನಾನು ಮರಳಿ ಬರುವಷ್ಟರಲ್ಲಿ ಓಣಿಗೆ ಓಣಿಯೇ ನಮ್ಮ ಬಾಗಿಲಲ್ಲಿ. ಕೈಯಲ್ಲಿ ಚಹಾದ ಕಿಟ್ಲಿ ಇಲ್ಲದವರೇ ಇಲ್ಲ. “ಎವ್ವಾ, ಇಡೀ ಮನಿಗೇ ಭಾರ ಆಗೇತಿ, ಸರೀರಿ, ಹಾದಿ ಬಿಡ್ರಿ!” ಎಂದು ಒಬ್ಬಳು ನುಗ್ಗುತ್ತಿದ್ದಳು. ಅಳಿಯ ಸೋಪಿನ ಕೈಯಲ್ಲಿ ಬೆಪ್ಪಾಗಿ ನಿಂತಿದ್ದ. “ನೀರು ಇಳೀಲಿ ಅಂತ ನಮ್ಮಲ್ಲಿ ಹೀಗೇ ಇಡೂದಲ್ವಾ ಅತ್ತೆ?” ಎಂದ. ಅಯ್ಯೋ ದೇವರೇ! ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು. “ಇದು ಅಳಿಯಂದ್ರ ಘನಂದಾರಿ ಕೆಲಸ, ನಡೀರಿ ನಡೀರಿ” ಎಂದು ಎಲ್ಲರನ್ನೂ ಕಳಿಸಿದೆ.

ಹುಸೇನಬಿ ಮಾತ್ರ ಹೋಗಲಿಲ್ಲ. ಮಗ್ಗದ ಮನೆಯ ಹುಸೇನಬಿ ಮೃಡಾನಿಯ ಒರಗು. ಅಷ್ಟರಲ್ಲಿ ಎದ್ದು ಬಂದಿದ್ದ ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಆಗಲೇ ಚಹಾ ಹಾಕಿಬಿಟ್ಟಿದ್ದಳು. “ಹಾಕಿದ್ದು ಹಾಕೇನಿ, ಚೆಲ್ಲಾಕ ಬರೂದಿಲ್ಲ” ಎಂದು, ತನ್ನ ಆಡು ಮಗ್ಗದ ನೂಲು ತಿಂದು ಎರಡು ದಿನ ಬಣ್ಣಬಣ್ಣದ ಹಿಕ್ಕೆ ಹಾಕಿದ ಕತೆ ತೆಗೆದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಿಲ್ಲಬಾರದಿತ್ತು, ನಿಂತಿದ್ದೆ. ಮೃಡಾನಿ ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು.

“ಚಾಚಿ, ಎಲ್ಲಾ ಛಲೋ ಐತಿ. ನಿದ್ದಿ ಮಾಡಾಕ ರಜಾ ಕೊಡತಾರ, ಯಾರೂ ಬೈಯೂದಿಲ್ಲ. ಜೀವದ ಗೆಳತಿ ಮಾತು ಬಿಟ್ಟಾಳ, ಅದೊಂದು ಸಣ್ಣ ಮಾತು. ಇಷ್ಟೆಲ್ಲಾ ಇದ್ದೂ ಅಳು ಬರತೈತಿ ಅಂದ್ರ ಮಂದಿ ಏನಂದಾರು? ಲೋಟ ಡಬ್ಬ ಹಾಕಾಕ ನಾಚಿಕಿ ಬಂತು.”

“ಹೂಂ. ಕುಡಿ, ಆರತೈತಿ. ನಾ ಎಲ್ಲೂ ಹೋಗೂದಿಲ್ಲ” ಎಂದಳು ಹುಸೇನಬಿ. ಹೋಗಲೂ ಇಲ್ಲ; ದೀಪ ಹಚ್ಚುವವರೆಗೂ ಕೂತಿದ್ದಳು. ಮರುವಾರ ಇಬ್ಬರೂ ವೈದ್ಯರ ಹತ್ತಿರ ಹೋದರು, ಈಗಲೂ ಹೋಗುತ್ತಾರೆ. ಗೆಳತಿ ಮರಳಿ ಬಂದಿಲ್ಲ. ಆದರೆ ಹುಡುಗಿ ತನ್ನ ರೊಟ್ಟಿಯನ್ನು ತಾನೇ ತಿನ್ನುತ್ತಾಳೆ, ಶೇಂಗಾ ಚಟ್ನಿಗೆ ಖಾರ ಸಾಲದೆಂದು ನನ್ನೊಡನೆ ಜಗಳ ತೆಗೆಯುತ್ತಾಳೆ. ಜಗಳವಾಡಲಿ, ನನಗೆ ಅದೇ ಹಬ್ಬ.

ಊರಿನವರು ಸೇರಿ ಹೊಸ ಕಟ್ಟು ಮಾಡಿದರು. ಈಗ ಪ್ರತಿ ಅಮಾವಾಸ್ಯೆ ಎಲ್ಲ ಮನೆಗಳ ಎಲ್ಲ ಲೋಟಗಳೂ, ಮುದುಕರದೂ ಸೇರಿ, ಬೋರಲು. ಎಲ್ಲರ ಮನೆಗೂ ಚಹಾ. ಆ ದಿನ ಯಾರದು ನಿಜ, ಯಾರದು ಪದ್ಧತಿಗೆ ಎಂದು ಗೊತ್ತಾಗುವುದಿಲ್ಲ, ಹಾಗಾಗಿ ಯಾರಿಗೂ ನಾಚಿಕೆಯಿಲ್ಲ. ಅದರ ಹೆಸರು ‘ಅಳಿಯನ ಅಮಾಸಿ’. ದಾಮೋದರ ಆ ದಿನ ನಮ್ಮೂರಿಗೆ ಬರುವುದಿಲ್ಲ.

ಈಗ ನಾನು ಬರೆಯಲು ಕೂತ ಕಾರಣ. ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಿಮ್ಮ ಕಾಲದ ಅಡುಗೆಮನೆಯ ಒಂದು ಫೋಟೋ ಇದೆ. ಬುಟ್ಟಿಯ ತುಂಬ ಬೋರಲು ಲೋಟಗಳು. ಸಣ್ಣ ಮಕ್ಕಳು ಅದರ ಮುಂದೆ ನಿಂತುಬಿಡುತ್ತಾರೆ. “ಇಷ್ಟು ಮಂದಿಗೆ ಭಾರ ಇತ್ತಾ? ಯಾರೂ ಬರಲೇ ಇಲ್ಲೇನು?” ಎಂದು ಕೇಳುತ್ತಾರೆ. ತೊಳೆದಿಟ್ಟದ್ದು ಕಣ್ರೋ ಎಂದು ನಾವು ದೊಡ್ಡವರು ನಗುತ್ತೇವೆ. ಮೊನ್ನೆ ಮೃಡಾನಿ ಮಾತ್ರ ನಗಲಿಲ್ಲ. “ಆಯಿ, ಎಲ್ಲಾ ಅಲ್ಲದಿದ್ರೂ ಒಂದು ಖರೇ ಇರಬಹುದಲ್ಲ?” ಎಂದಳು.

ಇರಬಹುದು. ಅದು ಯಾರದೆಂದು ಇಲ್ಲಿಂದ ನನಗೆ ಕಾಣುವುದಿಲ್ಲ, ನಿಮಗೆ ಕಂಡೀತು. ಈ ಕಾಗದ ಪಕ್ಕಕ್ಕಿಟ್ಟು ಅಡುಗೆಮನೆಗೆ ಹೋಗಿ. ಎರಡು ಲೋಟ ನೆಟ್ಟಗೆ ಮಾಡಿ ಚಹಾ ಹಾಕಿ, ಬಾಗಿಲು ಮುಚ್ಚಿಕೊಂಡು ಒಳಗಿರುವ ಮಗುವಿನ ಪಕ್ಕ ಕುಳಿತುಕೊಳ್ಳಿ. ಏನೂ ಕೇಳಬೇಡಿ. ಹೇಳಲು ಮಾತು ಸಿಗದಿದ್ದರೆ ಬಣ್ಣಬಣ್ಣದ ಹಿಕ್ಕೆ ಹಾಕಿದ ಆಡಿನ ಕತೆ ಹೇಳಿ. ಹುಸೇನಬಿಯನ್ನು ಕೇಳಿದ್ದೇನೆ, ಧಾರಾಳವಾಗಿ ಹೇಳಲಿ ಎಂದಿದ್ದಾಳೆ.

ನಿಮ್ಮವಳೇ,
ನೀಲಗಂಗವ್ವ