ಅಪ್ಪನ ಹತ್ತಿರ ಕೂರುವ ಸರದಿ ನಿನ್ನದು

ತಮ್ಮಾ,

ನಾನು ಕೆಲಸಕ್ಕೆ ಹೊರಟೆ. ಅಡುಗೆ ಒಲೆಯ ಮೇಲಿದೆ, ಉಂಡು ಆಸ್ಪತ್ರೆಗೆ ಹೋಗು. ಅಪ್ಪನ ಕಿವಿಯಂತ್ರಕ್ಕೆ ಹೊಸ ಸೆಲ್ ತೆಗೆದುಕೊಂಡು ಹೋಗು.

ನಿನ್ನೆ ಅಪ್ಪ ನಿನ್ನ ಗುರುತು ಹಿಡಿಯದೆ, "ಟಿಕೆಟ್ ಇಲ್ದೋನು ಬಸ್ಸಿಂದ ಇಳಿಯೋ" ಎಂದರಂತೆ. ಅವರು ಕಂಡಕ್ಟರ್ ಕೆಲಸ ಬಿಟ್ಟರೂ ಅದು ಅವರನ್ನು ಬಿಟ್ಟಿಲ್ಲ. ನೀನೋ ಮುಖ ಊದಿಸಿಕೊಂಡು ಮನೆಗೆ ಬಂದುಬಿಟ್ಟೆ! ಬೆನ್ನುಮೂಳೆಯ ಆಪರೇಷನ್‌ಗೆ ಮೊದಲು ಡಾಕ್ಟರಮ್ಮ ನೆನಪು ಪರೀಕ್ಷಿಸಲು ತಿಂಗಳ ಹೆಸರುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸಿದಾಗ ಅಪ್ಪ ತಡವರಿಸಿದ್ದನ್ನು ನೀನೂ ನೋಡಿದ್ದೆ. "ಮೊದಲೇ ಮರೆವು ಇರೋರಿಗೆ ಆಪರೇಷನ್ ಆದ್ಮೇಲೆ ಗಲಿಬಿಲಿ ಜಾಸ್ತಿ ಆಗ್ಬಹುದು, ಚೇತರಿಕೆನೂ ನಿಧಾನ. ಮನೆಯವರು ಹತ್ರ ಇರಿ" ಎಂದಿದ್ದರು. ಬೆನ್ನಿನ ಚಿಂತೆಯಲ್ಲಿ ನಾವಿಬ್ಬರೂ ಅದನ್ನು ಗಾಳಿಗೆ ತೂರಿದೆವು.

ಸಂಜೆ ನಾನು ಅವರಿಗೆ ಕನ್ನಡಕ ಹಾಕಿ, ಕಿವಿಯಂತ್ರ ಸಿಕ್ಕಿಸಿ, ಕೈ ಹಿಡಿದು ಕೂತೆ. ಮೆಲ್ಲಗೆ ತಿಳಿಯಾದರು. ನರ್ಸ್ ಆಸರೆ ಕೊಟ್ಟಾಗ ಎದ್ದೂ ನಿಂತರು. ಇವತ್ತು ಮತ್ತೆ ಬಸ್ಸಿನ ಮಾತು ಬಂದರೆ ವಾದಕ್ಕಿಳಿಯಬೇಡ. ಇದು ಆಸ್ಪತ್ರೆ, ನಾನು ನಿಮ್ಮ ಮಗ ಎಂದು ಮೆತ್ತಗೆ ಹೇಳು.

ನಿನ್ನೆ ನಾನು ಆಸ್ಪತ್ರೆಯಿಂದ ಹೊರಡುವಾಗ, "ಚಿಕ್ಕೋನಿಗೆ ಏನಾದ್ರೂ ಅಂದುಬಿಟ್ನೇನಮ್ಮಾ?" ಎಂದು ಕೇಳಿದರು. ಇಲ್ಲಪ್ಪಾ ಎಂದೆ. ನಿನ್ನನ್ನೂ ಕೇಳುತ್ತಾರೆ. ನೀನೂ ಇಲ್ಲ ಎನ್ನು.

ಅಕ್ಕ